ಡಿಸ್ಚಾರ್ಜ್ ದಿನ: ಕೌಂಟರಿನಲ್ಲಿ ಒಬ್ಬರು, ಹಾಸಿಗೆಯ ಪಕ್ಕ ಇನ್ನೊಬ್ಬರು

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಮನೆಮಂದಿಯ ಗಮನವೆಲ್ಲ ಬಿಲ್ ಕೌಂಟರಿನ ಮೇಲಿರುತ್ತದೆ. ಮಗ ಸರದಿಯಲ್ಲಿ ನಿಂತಿರುತ್ತಾನೆ, ಅಳಿಯ ದುಡ್ಡು ಹೊಂದಿಸಲು ಓಡಾಡುತ್ತಿರುತ್ತಾನೆ, ಊರಿನಿಂದ ಬಂದ ಚಿಕ್ಕಪ್ಪ ಯಾರಿಗೋ ಫೋನ್ ಮಾಡಿ ಸ್ವಲ್ಪ ಕಡಿಮೆ ಮಾಡಿಸಿಕೊಡಿ ಎಂದು ಕೇಳುತ್ತಿರುತ್ತಾರೆ. ಅದೇ ಹೊತ್ತಿಗೆ ಮೇಲಿನ ವಾರ್ಡಿನಲ್ಲಿ ನರ್ಸ್ ಮಾತ್ರೆಗಳ ಕವರ್ ತಂದು, ಯಾವುದು ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ, ಹೊಲಿಗೆ ಬಿಚ್ಚಿಸಲು ಯಾವತ್ತು ಬರಬೇಕು ಎಂದು ಹೇಳುತ್ತಿರುತ್ತಾರೆ. ಕೇಳಿಸಿಕೊಳ್ಳಲು ಅಲ್ಲಿರುವುದು ನಿದ್ದೆಗೆಟ್ಟು ಬಳಲಿದ ರೋಗಿ ಮಾತ್ರ.

ಬಿಲ್ಲಿನಲ್ಲಿ ತಪ್ಪಿದ್ದರೆ ನಾಳೆಯೂ ಕೇಳಬಹುದು, ಮುಂದಿನ ವಾರವೂ ಕೇಳಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಿಳಿಯದೆ ನಾಲ್ಕು ದಿನ ಬಿಟ್ಟರೆ ಅದನ್ನು ಮುಂದಿನ ವಾರ ಸರಿಪಡಿಸಲು ಆಗದಿರಬಹುದು. ಆದ್ದರಿಂದ ಹಣದ ಕೆಲಸ ಒಬ್ಬರಿಗೆ, ಆರೈಕೆಯ ಕೆಲಸ ಇನ್ನೊಬ್ಬರಿಗೆ ಎಂದು ಮೊದಲೇ ಹಂಚಿಕೊಳ್ಳಿ. ಮನೆಯಲ್ಲಿ ರೋಗಿಗೆ ಮಾತ್ರೆ ಕೊಡುವವರು ಯಾರೋ ಅವರೇ ನರ್ಸ್ ಹೇಳುವುದನ್ನು ಕೇಳಬೇಕು. ನಮ್ಮ ಮನೆಗಳಲ್ಲಿ ಆ ಕೆಲಸ ಬಹುತೇಕ ಹೆಂಡತಿ, ಸೊಸೆ ಅಥವಾ ಮಗಳದ್ದು. ಆದರೆ ಡಿಸ್ಚಾರ್ಜ್ ದಿನ ಅವರು ಮನೆಯಲ್ಲಿ ಅಡುಗೆ ಮಾಡುತ್ತಾ ದಾರಿ ಕಾಯುತ್ತಿರುತ್ತಾರೆ, ಚೀಟಿ ಗಂಡಸರ ಜೇಬಿನಲ್ಲಿರುತ್ತದೆ. ಅಡುಗೆಯನ್ನು ಬೇರೆ ಯಾರಾದರೂ ಮಾಡಲಿ. ಆ ಹೆಣ್ಣುಮಗಳು ಆಸ್ಪತ್ರೆಯಲ್ಲಿರಲಿ.

ಬಿಲ್ ಶುರುವಾಗುವುದು ದಾಖಲಾದ ದಿನ

ಕೊನೆಯ ದಿನ ಎಷ್ಟು ಕಟ್ಟಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾಗುವುದು ಮೊದಲ ದಿನವೇ. ಯಾವ ಯೋಜನೆಯಡಿ ದಾಖಲು, ಯಾವ ದರ್ಜೆಯ ಕೋಣೆ ಎಂಬ ಎರಡು ಪ್ರಶ್ನೆಗಳಿಗೆ ಗಾಬರಿಯಲ್ಲಿ ಕೊಟ್ಟ ಉತ್ತರವೇ ಮುಂದಿನ ಲೆಕ್ಕವನ್ನೆಲ್ಲ ಆಳುತ್ತದೆ.

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ನೆರವು ಸಿಗುತ್ತದೆ, ಅದರ ಮಿತಿ ವರ್ಷಕ್ಕೆ 1.5 ಲಕ್ಷ. ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ತುರ್ತು ಪ್ರಕರಣಗಳನ್ನು ಬಿಟ್ಟರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಸಾಲದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಮಂಡ್ಯದವರಿಗೆ ಆ ಬಾಗಿಲು ಮಿಮ್ಸ್, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳ ವಿಷಯಕ್ಕೆ ಚೆಲುವಾಂಬ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾತಿ ಕೌಂಟರಿನಲ್ಲಿ ಮುಂಗಡ ಕಟ್ಟುವ ಮೊದಲು ಅವರನ್ನು ಹುಡುಕಿ ಮಾತನಾಡಿಸಿ. ಕೈಯಿಂದ ಹಣ ಕಟ್ಟಿ, ಚಿಕಿತ್ಸೆಯೆಲ್ಲ ಮುಗಿದು, ಮನೆಗೆ ಹೊರಡುವಾಗ ಕಾರ್ಡ್ ತೆಗೆದರೆ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಟ್ರಸ್ಟಿನ ಒಪ್ಪಿಗೆಯನ್ನು ಚಿಕಿತ್ಸೆಗೆ ಮುಂಚೆಯೇ ಪಡೆಯಬೇಕು. ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಔಷಧಿಗೋ ಪರೀಕ್ಷೆಗೋ ಹೆಚ್ಚುವರಿ ಹಣ ಕೇಳಿದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಬಹುದು.

ಹಾಲಿನ ಡೇರಿ, ವ್ಯವಸಾಯ ಸೇವಾ ಸಹಕಾರ ಸಂಘಗಳ ಸದಸ್ಯರು ಯಶಸ್ವಿನಿಯನ್ನು ಮರೆಯಬಾರದು. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜಾರಿಗೆ ಬಂದ ಈ ಯೋಜನೆಯಲ್ಲಿ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ನಗರದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ. ಆಯಾ ವರ್ಷ ನೋಂದಣಿ ಆಗಿರಬೇಕು ಎಂಬುದೊಂದೇ ಷರತ್ತನ್ನು ಜನ ಮರೆಯುವುದು. ಮೈಸೂರಿನ ಹೆಬ್ಬಾಳದಲ್ಲೋ ನಂಜನಗೂಡಿನಲ್ಲೋ ಕಾರ್ಖಾನೆ ಕೆಲಸ ಮಾಡುವ ಮಗನಿದ್ದರೆ ಅವನ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡಿನಲ್ಲಿ ತಂದೆತಾಯಿಯ ಹೆಸರು ಇದೆಯೇ ಎಂದೂ ನೋಡಿ.

ಕೋಣೆಯ ಆಯ್ಕೆ, ಮತ್ತು ಯಾರೂ ಹೇಳದ ಕಡಿತ

ಖಾಸಗಿ ವಿಮೆ ಇದ್ದವರು ಹೆಚ್ಚಾಗಿ ಬೀಳುವ ಹಳ್ಳ ಇದು. ಹೇಗಿದ್ದರೂ ಇನ್ಶೂರೆನ್ಸ್ ಇದೆಯಲ್ಲ ಎಂದು ಒಳ್ಳೆಯ ಕೋಣೆ ತೆಗೆದುಕೊಳ್ಳುತ್ತಾರೆ. ಅನೇಕ ಪಾಲಿಸಿಗಳಲ್ಲಿ ಕೋಣೆ ಬಾಡಿಗೆಗೆ ಮಿತಿ ಇರುತ್ತದೆ. ಮಿತಿ ಮೀರಿದ ಕೋಣೆಯಲ್ಲಿ ಮಲಗಿದರೆ ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ.

ಲೆಕ್ಕ ಹಾಕಿ ನೋಡೋಣ. ಪಾಲಿಸಿ 5 ಲಕ್ಷದ್ದು, ಕೋಣೆ ಬಾಡಿಗೆಯ ಮಿತಿ ದಿನಕ್ಕೆ ಶೇ 1, ಅಂದರೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ನೀವು ದಿನಕ್ಕೆ 8,000ದ ಕೋಣೆಯಲ್ಲಿ ನಾಲ್ಕು ದಿನ ಇದ್ದಿರಿ. ಬಾಡಿಗೆಯಲ್ಲಿ ನಿಮ್ಮ ಪಾಲು 12,000 ಆಯಿತು. ಇಷ್ಟಕ್ಕೇ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಶಸ್ತ್ರಚಿಕಿತ್ಸಕರ ಶುಲ್ಕ, ಅರಿವಳಿಕೆ ತಜ್ಞರ ಶುಲ್ಕ, ಆಪರೇಷನ್ ಥಿಯೇಟರ್, ವೈದ್ಯರ ಭೇಟಿ, ಶುಶ್ರೂಷೆ ಎಲ್ಲ ಸೇರಿ 96,000 ಆಗಿದ್ದರೆ ಕಂಪನಿ ಅದರಲ್ಲೂ ಎಂಟರಲ್ಲಿ ಐದು ಪಾಲು, ಅಂದರೆ 60,000 ಮಾತ್ರ ಕೊಡುತ್ತದೆ. ಉಳಿದ 36,000 ನಿಮ್ಮದು. ಒಟ್ಟು 48,000 ಕೈಯಿಂದ ಹೋಯಿತು. ಇದರ ಮೇಲೆ, ದಿನಕ್ಕೆ 5,000 ಮೀರಿದ ಕೋಣೆಗೆ 2022ರ ಜುಲೈನಿಂದ ಶೇ 5 ಜಿಎಸ್‌ಟಿ ಇದೆ. ತೀವ್ರ ನಿಗಾ ಘಟಕಕ್ಕೆ ಈ ತೆರಿಗೆ ಇಲ್ಲ. ಔಷಧಿ, ಇಂಪ್ಲಾಂಟ್, ಪ್ರಯೋಗಾಲಯದ ಪರೀಕ್ಷೆಗಳಿಗೆ ಈ ಅನುಪಾತದ ಕಡಿತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಅವುಗಳಲ್ಲೂ ಕತ್ತರಿ ಆಡಿಸಿದ್ದರೆ ನಿಯಮ ತೋರಿಸಿ ಕೇಳಿ.

ದಾಖಲಾಗುವಾಗ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಮೇಜಿನವರಿಗೆ ಒಂದೇ ಪ್ರಶ್ನೆ ಹಾಕಿದರೆ ಇದೆಲ್ಲ ತಪ್ಪುತ್ತದೆ: ‘ನನ್ನ ಪಾಲಿಸಿಗೆ ದಿನಕ್ಕೆ ಎಷ್ಟು ರೂಪಾಯಿಯ ಕೋಣೆ ಬರುತ್ತದೆ?’ ರೋಗಿಗೆ ಗಾಳಿ ಬೆಳಕು ಇರಲಿ ಎಂಬ ಮಕ್ಕಳ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಆ ಹಣ ಮನೆಗೆ ಹೋದ ಮೇಲಿನ ಎರಡು ತಿಂಗಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದೇ ನನ್ನ ಅಭಿಪ್ರಾಯ.

ಹೊರಡುವ ಹಿಂದಿನ ದಿನ

ವೈದ್ಯರು ಬೆಳಿಗ್ಗೆ ರೌಂಡ್ಸಿಗೆ ಬಂದಾಗ ‘ಯಾವತ್ತು ಕಳುಹಿಸುತ್ತೀರಿ?’ ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ‘ಮನೆಗೆ ಹೋಗುವ ಹೊತ್ತಿಗೆ ಇವರು ತಾವಾಗಿ ಏನೇನು ಮಾಡಿಕೊಳ್ಳಬಲ್ಲವರಾಗಿರುತ್ತಾರೆ?’ ಎಂದೂ ಕೇಳಬೇಕು. ಎದ್ದು ಕೂರುತ್ತಾರೆಯೇ, ಮೆಟ್ಟಿಲು ಹತ್ತಬಹುದೇ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಬಹುದೇ, ಮೂತ್ರದ ಕೊಳವೆ ಇಟ್ಟುಕೊಂಡೇ ಹೋಗಬೇಕೇ? ಸೊಂಟದ ಮೂಳೆಯೋ ಮಂಡಿಯೋ ಆಪರೇಷನ್ ಆದವರಿಗೆ ಇದು ಬಹಳ ಮುಖ್ಯ. ಹಳ್ಳಿಯ ಮನೆಗಳಲ್ಲಿ ಜಗಲಿ ಎತ್ತರ, ಹೊಸ್ತಿಲು ಎತ್ತರ, ಶೌಚಾಲಯ ಹಿತ್ತಲಿನಲ್ಲಿ, ಅದೂ ನೆಲಮಟ್ಟದ್ದು. ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡವರು ಕುಕ್ಕರಗಾಲಿನಲ್ಲಿ ಕೂತರೆ ಕೀಲು ಜಾರುವ ಅಪಾಯವಿದೆ. ಕಮೋಡ್ ಕುರ್ಚಿ, ವಾಕರ್ ಇವನ್ನು ಹಿಂದಿನ ದಿನವೇ ತಂದಿಡಿ. ಮೈಸೂರು, ಮಂಡ್ಯ ಎರಡೂ ಕಡೆ ಆಸ್ಪತ್ರೆ ಮಂಚ, ಆಮ್ಲಜನಕ ಯಂತ್ರ ಬಾಡಿಗೆಗೆ ಸಿಗುತ್ತವೆ. ತಿಂಗಳೊಪ್ಪತ್ತಿಗೆ ಬೇಕಾದ ವಸ್ತುವನ್ನು ಕೊಂಡುಕೊಳ್ಳಬೇಕಾಗಿಲ್ಲ.

ಮಂಗಳವಾರ, ಅಮಾವಾಸ್ಯೆ, ರಾಹುಕಾಲ ಎಂದು ನೋಡುವ ಮನೆಗಳು ನಮ್ಮಲ್ಲಿ ಇವೆ. ನಂಬಿಕೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಡಿಸ್ಚಾರ್ಜ್ ಬರೆದ ಮೇಲೆ ಇವತ್ತು ಬೇಡ ಎಂದರೆ ಒಂದು ದಿನದ ಬಾಡಿಗೆ ನಿಮ್ಮ ತಲೆಯ ಮೇಲೆ ಬೀಳುತ್ತದೆ, ಚಿಕಿತ್ಸೆಗೆ ಅಗತ್ಯವಿಲ್ಲದ ಆ ದಿನಕ್ಕೆ ವಿಮೆಯವರು ಹಣ ಕೊಡುವುದಿಲ್ಲ. ಮೊದಲೇ ವೈದ್ಯರ ಕಿವಿಗೆ ಹಾಕಿದರೆ, ರೋಗಿಯ ಸ್ಥಿತಿ ನೋಡಿಕೊಂಡು ಸೋಮವಾರ ಸಂಜೆಗೇ ಕಾಗದಪತ್ರ ಮುಗಿಸಿಕೊಡಲು ಅನೇಕರು ಒಪ್ಪುತ್ತಾರೆ.

ವಾಹನದ ವಿಷಯವನ್ನೂ ಆಗಲೇ ತೀರ್ಮಾನಿಸಿ. 108 ಇರುವುದು ತುರ್ತಿಗೆ, ಮನೆಗೆ ಬಿಡಲು ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಮಗುವನ್ನು ಮಾತ್ರ ‘ನಗು ಮಗು’ ವಾಹನದಲ್ಲಿ ಉಚಿತವಾಗಿ ಮನೆಗೆ ಬಿಡುತ್ತಾರೆ, ಕೇಳಿ ಪಡೆಯಿರಿ. ಮೈಸೂರಿನಿಂದ ಮಂಡ್ಯದ ಕಡೆ ಆಟೋದಲ್ಲಿ ಕರೆದೊಯ್ಯುವ ಯೋಚನೆ ಇದ್ದರೆ ನೆನಪಿರಲಿ: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಆಟೋಗೆ ಪ್ರವೇಶವಿಲ್ಲ. ಹೊಟ್ಟೆಯ ಹೊಲಿಗೆ ಹಸಿಯಾಗಿರುವವರು ಅಷ್ಟು ದೂರ ಸರ್ವಿಸ್ ರಸ್ತೆಯ ಉಬ್ಬುಗಳಲ್ಲಿ ಕುಲುಕಿಸಿಕೊಂಡು ಹೋಗುವುದು ಬೇಡ. ಕಾರಿನಲ್ಲಿ ಹೋಗಲಿ, ಹೊಟ್ಟೆಗೆ ಮೆತ್ತನೆಯ ದಿಂಬು ಒತ್ತಿ ಹಿಡಿದುಕೊಳ್ಳಲಿ.

ಸಮರಿಯನ್ನು ಓದುವುದು ಹೇಗೆ

ಡಿಸ್ಚಾರ್ಜ್ ಸಮರಿ ಎಂದು ಕೈಗೆ ಕೊಡುವ ಎರಡು ಮೂರು ಹಾಳೆಗಳು ಇಡೀ ಚಿಕಿತ್ಸೆಯ ಸಾರ. ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ಕೇಳುವುದು ಇದನ್ನೇ. ಹೆಸರು, ವಯಸ್ಸು, ದಾಖಲಾದ ತಾರೀಕು ಸರಿಯಾಗಿವೆಯೇ ಎಂದು ಅಲ್ಲೇ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಸಮರಿಯಲ್ಲಿ ಇನ್ನೊಂದು ಹೆಸರಾದರೆ ವಿಮೆಯ ಹಣಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಆಮೇಲೆ ಔಷಧಿಯ ಪಟ್ಟಿ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಎಂದರೆ ರಾತ್ರಿ ಮಾತ್ರ. ಎಸ್‌ಒಎಸ್ ಎಂದು ಬರೆದಿದ್ದರೆ ನೋವೋ ಜ್ವರವೋ ಬಂದಾಗ ಮಾತ್ರ, ದಿನವೂ ಅಲ್ಲ. ‘5 ದಿನ’ ಎಂದಿರುವ ಆ್ಯಂಟಿಬಯಾಟಿಕ್ ಅನ್ನು ಜ್ವರ ಇಳಿಯಿತೆಂದು ಎರಡನೆಯ ದಿನಕ್ಕೇ ನಿಲ್ಲಿಸಬಾರದು. ‘ಮುಂದುವರಿಸಿ’ ಎಂದಿರುವ ಬಿಪಿ ಮಾತ್ರೆಯನ್ನು ಸ್ಟ್ರಿಪ್ ಮುಗಿಯಿತೆಂದು ಬಿಡಬಾರದು. ಸ್ಟೆಂಟ್ ಹಾಕಿದವರ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೋಡಿಯನ್ನು ಹಲ್ಲು ಕೀಳಿಸುವುದಕ್ಕಾಗಿ ಸಹ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಗೊಂದಲ ಹಳೆಯ ಮಾತ್ರೆಗಳದ್ದು. ಮನೆಯ ಡಬ್ಬಿಯಲ್ಲಿ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಆಮ್ಲೋಡಿಪಿನ್ ಇರುತ್ತದೆ. ಆಸ್ಪತ್ರೆಯಲ್ಲಿ ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಎರಡೂ ಸೇರಿದ ಹೊಸ ಮಾತ್ರೆ ಬರೆದಿರುತ್ತಾರೆ. ಬ್ರ್ಯಾಂಡ್ ಹೆಸರು ಬೇರೆ, ಬಣ್ಣ ಬೇರೆ. ಅಜ್ಜಿ ಎರಡನ್ನೂ ನುಂಗುತ್ತಾರೆ, ರಕ್ತದೊತ್ತಡ ಇಳಿದು ಬಚ್ಚಲಿಗೆ ಹೋಗುವಾಗ ತಲೆತಿರುಗಿ ಬೀಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲೂ ಹೀಗೆಯೇ ಆಗುತ್ತದೆ, ಅಲ್ಲಿ ಸಕ್ಕರೆ ಅಂಶ ಕುಸಿದು ಪ್ರಜ್ಞೆಯೇ ತಪ್ಪಬಹುದು. ಇದಕ್ಕೆ ಒಂದು ದಾರಿ ಇದೆ. ಮನೆಯಲ್ಲಿರುವ ಮಾತ್ರೆಗಳ ಡಬ್ಬಿಯನ್ನು ಪೂರ್ತಿ ಆಸ್ಪತ್ರೆಗೆ ತನ್ನಿ. ನರ್ಸ್ ಮುಂದೆ ಸುರಿದು ‘ಸಿಸ್ಟರ್, ಇದರಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು?’ ಎಂದು ಒಂದೊಂದನ್ನೇ ಎತ್ತಿ ಕೇಳಿ. ನಿಲ್ಲಿಸಬೇಕಾದ ಸ್ಟ್ರಿಪ್‌ಗಳನ್ನು ಅಲ್ಲಿಯೇ ಬೇರೆ ಕವರಿಗೆ ಹಾಕಿ. ಕಣ್ಣು ಮಂಜಾದವರಿಗೆ, ಓದಲು ಬಾರದವರಿಗೆ ಸ್ಟ್ರಿಪ್ಪಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡಿ. ನರ್ಸ್ ಹೇಳಿದ್ದನ್ನು ನೀವೇ ಒಮ್ಮೆ ತಿರುಗಿ ಹೇಳಿ ಒಪ್ಪಿಸಿ. ‘ಪೇಪರಿನಲ್ಲಿ ಬರೆದಿದೆ ನೋಡಿಕೊಳ್ಳಿ ಅಮ್ಮ’ ಎಂದರೆ ಸುಮ್ಮನಾಗಬೇಡಿ. ಆ ಬರಹ ಇಂಗ್ಲಿಷಿನಲ್ಲಿರುತ್ತದೆ, ಕನ್ನಡದಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು.

ಸಮರಿಯ ಕೊನೆಯಲ್ಲಿ ಇನ್ನೂ ಬರಬೇಕಾದ ವರದಿಗಳಿವೆಯೇ ಎಂದು ಕೇಳುವುದನ್ನು ಮರೆಯಬೇಡಿ. ಬಯಾಪ್ಸಿ, ಕಲ್ಚರ್ ಪರೀಕ್ಷೆಯ ಫಲಿತಾಂಶ ರೋಗಿ ಮನೆಗೆ ಹೋದ ಎಷ್ಟೋ ದಿನಗಳ ಮೇಲೆ ಬರುತ್ತದೆ. ಯಾರೂ ಕೇಳಲು ಹೋಗದೆ, ಔಷಧಿ ಬದಲಿಸಬೇಕೆಂದು ಹೇಳುವ ವರದಿ ಪ್ರಯೋಗಾಲಯದಲ್ಲೇ ಉಳಿದುಬಿಡುತ್ತದೆ.

ಎಳನೀರು ಮತ್ತು ಇತರ ಅಪಾಯಗಳು

ಮಂಡ್ಯ ಸೀಮೆಯಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಮದ್ದೂರು ಎಳನೀರು ಮಾರುಕಟ್ಟೆಗೇ ಹೆಸರಾದ ಊರು, ತೋಟ ಇದ್ದವರು ಗೊನೆಯನ್ನೇ ಇಳಿಸಿ ತರುತ್ತಾರೆ. ಆ ಪ್ರೀತಿಗೆ ಬೆಲೆ ಕಟ್ಟಲಾಗದು. ಆದರೆ ಮೂತ್ರಪಿಂಡ ದುರ್ಬಲವಾದವರಿಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು ವಿಷಕ್ಕೆ ಸಮ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ದುರ್ಬಲ ಮೂತ್ರಪಿಂಡಕ್ಕೆ ಅದು ಸಾಧ್ಯವಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪಿ ನಿಲ್ಲಬಹುದು. ಬಾಳೆಹಣ್ಣು, ಕಿತ್ತಳೆ ರಸಕ್ಕೂ ಇದೇ ಮಾತು. ಟೆಲ್ಮಿಸಾರ್ಟನ್, ಸ್ಪೈರನೋಲ್ಯಾಕ್ಟೋನ್‌ನಂಥ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಆ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಎಳನೀರು ಕುಡಿಯಬಹುದು ಎಂದು ಹೊರಡುವ ಮುಂಚೆ ಕೇಳಲೇಬೇಕು.

ಹೃದಯ ಸೋತವರಿಗೆ ಶತ್ರು ಉಪ್ಪು. ಸಾರಿಗೆ ಉಪ್ಪು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ ಹಪ್ಪಳ ಇಟ್ಟರೆ ಏನೂ ಮಾಡಿದಂತಾಗಲಿಲ್ಲ. ಇವರು ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವುದರ ಗುರುತು, ಉಸಿರು ಕಟ್ಟುವವರೆಗೆ ಕಾಯದೆ ವೈದ್ಯರಿಗೆ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ರಾಗಿ ಮುದ್ದೆ ಒಳ್ಳೆಯದೇ, ಆದರೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ಮಾತು ಸುಳ್ಳು. ಅದರಲ್ಲಿಯೂ ಪಿಷ್ಟವಿದೆ.

ಶಸ್ತ್ರಚಿಕಿತ್ಸೆ ಆದವರಲ್ಲಿ 100.4 ಡಿಗ್ರಿ ಮೀರಿದ ಜ್ವರ, ಗಾಯದಿಂದ ಕೀವು, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಹಠಾತ್ ಉಸಿರುಕಟ್ಟು, ಮಾತು ತೊದಲುವುದು, ಮೂತ್ರ ಕಟ್ಟುವುದು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮಲ ಕಪ್ಪಗಾಗುವುದು ಇವು ಕಂಡರೆ ಫಾಲೋಅಪ್ ದಿನದವರೆಗೆ ಕಾಯುವಂತಿಲ್ಲ. ರಾತ್ರಿ ಹೀಗಾದರೆ ಯಾವ ನಂಬರಿಗೆ ಕರೆ ಮಾಡಬೇಕು ಎಂದು ವಾರ್ಡಿನಿಂದ ಬರೆಸಿಕೊಂಡು, ಆ ಚೀಟಿಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿ.

ಈಗ ಬಿಲ್

ಅಂತಿಮ ಬಿಲ್ಲನ್ನು ಒಂದೇ ಮೊತ್ತವಾಗಿ ನೋಡಬೇಡಿ. ಪ್ರತಿ ಬಾಬತ್ತೂ ಬಿಡಿಸಿ ಬರೆದ ಬಿಲ್ ಕೊಡಿ ಎಂದು ಕೇಳಿ. ಅದು ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ದಿನಗಳ ಲೆಕ್ಕ. ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದ ದಿನಕ್ಕೆ ಎರಡೂ ಕಡೆಯ ಬಾಡಿಗೆ ಹಾಕಿದ್ದಾರೆಯೇ? ಎರಡನೆಯದು ವೈದ್ಯರ ಭೇಟಿ: ದಿನಕ್ಕೆ ಎಷ್ಟು ಸಲ ಬಂದರು, ಎಷ್ಟು ಬರೆದಿದ್ದಾರೆ? ರೋಗಿಯ ಪಕ್ಕ ಇರುವವರು ಒಂದು ನೋಟ್‌ಬುಕ್ಕಿನಲ್ಲಿ ಯಾವ ವೈದ್ಯರು ಎಷ್ಟು ಹೊತ್ತಿಗೆ ಬಂದರು, ಯಾವ ಸ್ಕ್ಯಾನ್ ಆಯಿತು ಎಂದು ಬರೆದಿಟ್ಟರೆ ಇದನ್ನೆಲ್ಲ ತಾಳೆ ನೋಡಲು ಹತ್ತು ನಿಮಿಷ ಸಾಕು.

ಮೂರನೆಯದು ಔಷಧಿ, ಇದರಲ್ಲಿ ಹಣ ಸದ್ದಿಲ್ಲದೆ ಸೋರುತ್ತದೆ. ವಾರ್ಡಿಗೆಂದು ತರಿಸಿದ ಇಂಜೆಕ್ಷನ್, ಗ್ಲೂಕೋಸ್ ಬಾಟಲಿಗಳಲ್ಲಿ ಬಳಸದೆ ಉಳಿದವನ್ನು ಆಸ್ಪತ್ರೆಯ ಔಷಧಿ ಅಂಗಡಿಗೆ ಹಿಂದಿರುಗಿಸಿ ಬಿಲ್ಲಿನಲ್ಲಿ ಕಳೆಯಬೇಕು. ಹೊರಡುವ ದಿನ ಬೆಳಿಗ್ಗೆ ‘ಉಳಿದ ಔಷಧಿ ರಿಟರ್ನ್ ಆಯಿತೇ?’ ಎಂದು ನರ್ಸನ್ನು ಕೇಳಿ, ರಿಟರ್ನ್ ಚೀಟಿ ನೋಡಿ. ಆಸ್ಪತ್ರೆಯ ಅಂಗಡಿಯಲ್ಲೇ ಔಷಧಿ ಕೊಳ್ಳಬೇಕೆಂಬ ಕಡ್ಡಾಯವಿಲ್ಲ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಮನೆಗೆ ಒಯ್ಯುವ ತಿಂಗಳ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಅದೇ ರಾಸಾಯನಿಕದ ಮಾತ್ರೆ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟೆಂಟ್ ಮತ್ತು ಮಂಡಿಯ ಕೃತಕ ಕೀಲಿಗೆ ಕೇಂದ್ರ ಸರ್ಕಾರ 2017ರಿಂದ ಗರಿಷ್ಠ ಬೆಲೆ ನಿಗದಿ ಮಾಡಿದೆ. ಸ್ಟೆಂಟಿನ ಬೆಲೆ, ಕಂಪನಿ, ಬ್ರ್ಯಾಂಡ್ ಹೆಸರು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಇರಬೇಕು. ಅದರ ಸ್ಟಿಕ್ಕರನ್ನು ಸಮರಿಯ ಜೊತೆ ಜೋಪಾನ ಮಾಡಿ.

ಕೊನೆಗೆ, ಕಟ್ಟಿದ ಎಲ್ಲ ಮುಂಗಡದ ರಸೀದಿಗಳು ಕಳೆದು ಲೆಕ್ಕವಾಗಿವೆಯೇ ನೋಡಿ. ರಾತ್ರಿ ಹೊತ್ತು ಕಟ್ಟಿದ ಮುಂಗಡ ಬೇರೆಯವರ ಹೆಸರಿಗೆ ಜಮೆಯಾದದ್ದುಂಟು. ದೊಡ್ಡ ಮೊತ್ತವಾದರೆ ನಗದು ಬೇಡ. ಒಂದು ಚಿಕಿತ್ಸೆಗೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಕಬ್ಬಿನ ಹಣವನ್ನು ಚೀಲದಲ್ಲಿ ತಂದು ಕೌಂಟರಿನಲ್ಲಿ ನಿಂತು ಪರದಾಡುವ ಬದಲು ಹಿಂದಿನ ದಿನವೇ ಬ್ಯಾಂಕಿನಿಂದ ವರ್ಗಾಯಿಸುವ ಏರ್ಪಾಡು ಮಾಡಿ.

ವಿಮೆಯ ಕಾಯುವಿಕೆ

‘ಬೆಳಿಗ್ಗೆ ಹತ್ತಕ್ಕೆ ಮನೆಗೆ ಹೋಗಬಹುದೆಂದರು, ರಾತ್ರಿ ಎಂಟಾದರೂ ಬಿಡಲಿಲ್ಲ’ ಎಂಬುದು ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆಯ) ರೋಗಿಗಳ ಸಾಮಾನ್ಯ ದೂರು. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ, ಡಿಸ್ಚಾರ್ಜ್ ಒಪ್ಪಿಗೆಯನ್ನು ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕಂಪನಿ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಭರಿಸಬೇಕಾದ್ದು ಕಂಪನಿಯೇ. ಆದರೆ ಈ ಮೂರು ಗಂಟೆಯ ಗಡಿಯಾರ ಶುರುವಾಗುವುದು ವೈದ್ಯರು ಹೋಗಿ ಎಂದಾಗ ಅಲ್ಲ, ಆಸ್ಪತ್ರೆ ಅಂತಿಮ ಬಿಲ್ ಕಳುಹಿಸಿದಾಗ. ಅದಕ್ಕೂ ಮುಂಚೆ ಸಮರಿ ಟೈಪಾಗಬೇಕು, ಔಷಧಿ ರಿಟರ್ನ್ ಆಗಬೇಕು, ಫೈಲು ಬಿಲ್ ವಿಭಾಗಕ್ಕೆ ಇಳಿಯಬೇಕು. ಹೆಚ್ಚಿನ ವಿಳಂಬ ನಡೆಯುವುದು ಈ ಹಂತದಲ್ಲಿ. ಸಮರಿಯನ್ನು ಹಿಂದಿನ ಸಂಜೆಯೇ ಸಿದ್ಧ ಮಾಡಲು ವಿನಂತಿಸಿ, ಬೆಳಿಗ್ಗೆ ಫೈಲು ಎಲ್ಲಿದೆ ಎಂದು ವಿಚಾರಿಸುತ್ತಿರಿ.

ಒಪ್ಪಿಗೆ ಬಂದಾಗ ಮೊತ್ತ ಬಿಲ್ಲಿಗಿಂತ ಕಡಿಮೆಯೇ ಇರುತ್ತದೆ. ಕೈಗವಸು, ಮಾಸ್ಕ್, ಡೈಪರ್, ಜೊತೆಗಿದ್ದವರ ಊಟ ಇಂಥವಕ್ಕೆ ಹಣ ಬರುವುದಿಲ್ಲ, ಅದು ಸರಿಯೇ. ಆದರೆ ಕಡಿತದ ಪಟ್ಟಿಯನ್ನು ಕೇಳಿ ಪಡೆದು ಪ್ರತಿ ಸಾಲಿಗೂ ಕಾರಣ ಇದೆಯೇ ನೋಡಿ. ಅನ್ಯಾಯ ಎನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಹಣ ಸಾಲದಾದಾಗ

ಇದು ಹೇಳಿಕೊಳ್ಳಲು ಸಂಕೋಚಪಡುವ ವಿಷಯ, ಅದಕ್ಕೇ ಜನ ಕೊನೆಯ ಕ್ಷಣದವರೆಗೆ ಮುಚ್ಚಿಡುತ್ತಾರೆ. ಮೂರನೆಯ ದಿನಕ್ಕೇ ಖರ್ಚು ಕೈಮೀರುತ್ತಿದೆ ಎನಿಸಿದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ನೇರವಾಗಿ ಹೇಳಿ. ಸಾಮಾನ್ಯ ವಾರ್ಡಿಗೆ ಬದಲಿಸಬಹುದು, ಅನಿವಾರ್ಯವಲ್ಲದ ಪರೀಕ್ಷೆಯನ್ನು ಮುಂದೂಡಬಹುದು, ಕೆ.ಆರ್. ಆಸ್ಪತ್ರೆಗೋ ಮಿಮ್ಸ್‌ಗೋ ಪತ್ರದ ಸಮೇತ ಕಳುಹಿಸಬಹುದು. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ’ ಎಂದು ಸಹಿ ಹಾಕಿ ರೋಗಿಯನ್ನು ಅರ್ಧ ಚಿಕಿತ್ಸೆಯಲ್ಲಿ ಮನೆಗೆ ಒಯ್ಯುವುದಕ್ಕಿಂತ ಹೀಗೆ ವರ್ಗಾವಣೆ ಕೇಳುವುದು ಎಷ್ಟೋ ಮೇಲು.

ಬಾಕಿ ಇದೆಯೆಂದು ರೋಗಿಯನ್ನು ತಡೆದಿಟ್ಟುಕೊಳ್ಳುವಂತಿಲ್ಲ ಎಂಬುದು ಹಕ್ಕುಗಳ ಸನ್ನದಿನಲ್ಲಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ರೋಗಿ ತೀರಿಕೊಂಡರೆ ಬಾಕಿಗಾಗಿ ಒತ್ತಾಯಿಸದೆ ದೇಹವನ್ನು ಒಪ್ಪಿಸಬೇಕು, ಹಣವನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು. ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಲೇಬೇಕೆಂದು ಹಠ ಹಿಡಿಯುವಂತಿಲ್ಲ. ಇಂಥ ದೂರುಗಳನ್ನು ಕೇಳಲು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆ ಗೊತ್ತಿದೆ ಎಂದು ಕೌಂಟರಿನಲ್ಲಿ ಕೂಗಾಡಬೇಕಾಗಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕಂಡು, ಇಂತಿಷ್ಟು ಈಗ, ಉಳಿದದ್ದು ಇಂಥ ತಾರೀಕಿಗೆ ಎಂದು ಬರೆದುಕೊಟ್ಟು ಬಂದವರು ನನಗೆ ಗೊತ್ತು. ಬಡ ಕುಟುಂಬದವರು ಬಿಲ್ ಮತ್ತು ಸಮರಿಯ ಪ್ರತಿಗಳೊಂದಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ಮೂಲ ಬಿಲ್, ರಸೀದಿ, ಸಮರಿ, ವರದಿಗಳನ್ನು ವಿಮೆಗೋ ಪರಿಹಾರ ನಿಧಿಗೋ ಕೊಡುವ ಮುಂಚೆ ಪ್ರತಿ ಹಾಳೆಯನ್ನೂ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮೂಲ ಪ್ರತಿ ಒಮ್ಮೆ ಕೈಬಿಟ್ಟರೆ ತಿರುಗಿ ಸಿಗುವ ಖಾತರಿ ಇಲ್ಲ. ಏನಾದರೂ ಕಳೆದುಹೋದರೆ ಲಿಖಿತ ಅರ್ಜಿ ಕೊಡಿ. ವೈದ್ಯಕೀಯ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಬಹಳಷ್ಟು ಪಾಲಿಸಿಗಳು ಮನೆಗೆ ಬಂದ ಮೇಲಿನ 60 ದಿನಗಳ ಔಷಧಿ, ಪರೀಕ್ಷೆಯ ಖರ್ಚನ್ನೂ ಕೊಡುತ್ತವೆ. ಫಾಲೋಅಪ್‌ಗೆ ಹೋದಾಗಿನ ಪ್ರತಿ ಚೀಟಿ, ಪ್ರತಿ ಔಷಧಿ ಬಿಲ್ ರೋಗಿಯ ಹೆಸರಿನಲ್ಲೇ ಇರಲಿ, ಅದಕ್ಕೆ ತಕ್ಕ ವೈದ್ಯರ ಚೀಟಿಯನ್ನು ಜೊತೆಗೆ ಪಿನ್ ಮಾಡಿಡಿ.